ಪಾರ್ಟಿಶನ್ ತೊಡಕು ನೀಗಿಸಲು ವಿಂಡೋಸನ್ನು ಬುಡದಿಂದ ಮರುಸ್ಥಾಪಿಸುವ ಬಗೆ

ಲ್ಯಾಪ್‌ಟಾಪಿನ ಡ್ರೈವ್‌ನಲ್ಲಿ ಪಾರ್ಟಿಶನ್‌ಗಳು (ಸಿ, ಡಿ ಎಂಬಂಥ ಭಾಗಗಳು) ಹದಗೆಟ್ಟಾಗ ‘ವಿಂಡೋಸ್ ಮತ್ತೆ ಹಾಕಿಬಿಡಿ, ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಆದರೆ ವಿಂಡೋಸನ್ನು ಮತ್ತೆ ಹಾಕಲು ಎರಡು ದಾರಿಗಳಿದ್ದು, ಅವುಗಳಲ್ಲಿ ಒಂದು ಮಾತ್ರ ಪಾರ್ಟಿಶನ್‌ಗಳನ್ನು ಸರಿಪಡಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿರುವ ‘ರಿಸೆಟ್ ದಿಸ್ ಪಿಸಿ’ ಎಂಬ ಸೌಲಭ್ಯವು ಸಿ ಡ್ರೈವ್‌ನ ಒಳಗಿರುವ ವಿಂಡೋಸ್ ಕಡತಗಳನ್ನಷ್ಟೇ ಹೊಸದಾಗಿಸುತ್ತದೆ. ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ಕೊಟ್ಟರೂ ಪಾರ್ಟಿಶನ್‌ಗಳ ಎಲ್ಲೆಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದ ರಿಸೆಟ್ ಮಾಡಿದ ಮೇಲೂ ಸಿ ಡ್ರೈವ್ ಅಷ್ಟೇ ಚಿಕ್ಕದಾಗಿ ಉಳಿದಿದ್ದರೆ ಅಚ್ಚರಿಪಡಬೇಕಾಗಿಲ್ಲ. ಎಲ್ಲೆಗಳನ್ನೇ ಹೊಸದಾಗಿ ಎಳೆಯಬೇಕಾದರೆ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪನ್ನು ಬೂಟ್ ಮಾಡಿ, ಸೆಟಪ್ ತೋರಿಸುವ ಪಾರ್ಟಿಶನ್ ಪಟ್ಟಿಯಲ್ಲಿ ಹಳೆಯವನ್ನು ಅಳಿಸಿ, ಖಾಲಿಯಾದ ಜಾಗದಲ್ಲಿ ವಿಂಡೋಸನ್ನು ಸ್ಥಾಪಿಸಬೇಕು. ಇಡೀ ಕೆಲಸದ ತಿರುಳು ಆ ಒಂದು ಪರದೆಯಲ್ಲಿದೆ. ಅದಕ್ಕೆ ಮೊದಲು ಮಾಡುವುದೆಲ್ಲವೂ ಅಲ್ಲಿ ‘ಡಿಲೀಟ್’ ಒತ್ತುವಾಗ ಕೈ ನಡುಗದಿರಲಿ ಎಂಬುದಕ್ಕಾಗಿ.

ಮರುಸ್ಥಾಪನೆ ನಿಜಕ್ಕೂ ಬೇಕೇ?

ಕೆಲವು ತೊಡಕುಗಳಿಗೆ ಇಷ್ಟು ದೊಡ್ಡ ಚಿಕಿತ್ಸೆ ಬೇಕಾಗುವುದಿಲ್ಲ. ಅತಿ ಹೆಚ್ಚು ಜನರನ್ನು ಕಾಡುವುದು ಪಾರ್ಟಿಶನ್‌ಗಳನ್ನು ನೋಡಿ ಬದಲಿಸಲು ವಿಂಡೋಸಿನಲ್ಲಿರುವ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬ ಆಯ್ಕೆ ಮಸುಕಾಗಿ ಕಾಣುವ ಸಮಸ್ಯೆ. ಡ್ರೈವ್‌ನಲ್ಲಿ 100 ಜಿಬಿ ಖಾಲಿ ಜಾಗವಿದ್ದರೂ ಸಿ ಡ್ರೈವನ್ನು ಹಿಗ್ಗಿಸಲು ವಿಂಡೋಸ್ ಒಪ್ಪುವುದಿಲ್ಲ. ಹೊಲದ ಬದುವನ್ನು ಪಕ್ಕದ ಪಟ್ಟಿ ಖಾಲಿ ಇದ್ದರೆ ಮಾತ್ರ ಸರಿಸಬಹುದಲ್ಲವೇ, ಇಲ್ಲಿಯೂ ಅದೇ ನಿಯಮ: ಹಂಚಿಕೆಯಾಗದ ಜಾಗವು ಸಿ ಡ್ರೈವ್‌ನ ಬಲಬದಿಗೆ ಅಂಟಿಕೊಂಡೇ ಇರಬೇಕು. ನಡುವೆ ಡಿ ಡ್ರೈವ್ ಅಥವಾ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಶನ್ (ವಿಂಡೋಸ್ ದುರಸ್ತಿಯ ಉಪಕರಣಗಳಿರುವ ಭಾಗ) ಕುಳಿತಿದ್ದರೆ ದಾರಿ ಮುಚ್ಚಿದಂತೆಯೇ. ಅಡ್ಡವಿರುವುದು ಡಿ ಡ್ರೈವ್ ಆಗಿದ್ದರೆ ಅದರಲ್ಲಿರುವುದನ್ನು ಬೇರೆಡೆಗೆ ನಕಲಿಸಿ, ಅದನ್ನು ಅಳಿಸಿ, ಸಿ ಡ್ರೈವನ್ನು ಹಿಗ್ಗಿಸಿ, ಉಳಿದ ಜಾಗದಲ್ಲಿ ಡಿ ಡ್ರೈವನ್ನು ಮತ್ತೆ ರಚಿಸಿದರೆ ಸಾಕು, ವಿಂಡೋಸನ್ನು ಮುಟ್ಟಬೇಕಾಗಿಲ್ಲ.

ಎರಡನೆಯ ತೊಡಕು ಹಳೆಯ ಎಂಬಿಆರ್ ಪದ್ಧತಿಯ ಪಾರ್ಟಿಶನ್ ಪಟ್ಟಿ, ಅಂದರೆ ಯಾವ ಪಾರ್ಟಿಶನ್ ಎಲ್ಲಿದೆ ಎಂದು ಡ್ರೈವ್‌ನಲ್ಲಿ ಬರೆದಿಟ್ಟ ದಾಖಲೆ. ಈ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್‌ಗಳಿಗೆ ಅವಕಾಶವಿಲ್ಲ ಮತ್ತು ಸಾಮಾನ್ಯ ಡ್ರೈವ್‌ಗಳಲ್ಲಿ 2 ಟಿಬಿಯ ಆಚೆಗಿನ ಜಾಗವನ್ನು ಅದು ಗುರುತಿಸಲಾರದು. ಈಗಿನ ಜಿಪಿಟಿ ಪದ್ಧತಿಯಲ್ಲಾದರೆ ವಿಂಡೋಸ್ 128 ಪಾರ್ಟಿಶನ್‌ಗಳವರೆಗೆ ಅವಕಾಶ ಕೊಡುತ್ತದೆ. ಪಟ್ಟಿಯ ಇನ್ನೊಂದು ಪ್ರತಿಯೂ ಡ್ರೈವ್‌ನ ಕೊನೆಯಲ್ಲಿ ಇರುತ್ತದೆ. ಎಂಬಿಆರ್‌ನಿಂದ ಜಿಪಿಟಿಗೆ ಹೋಗುವುದೊಂದೇ ನಿಮ್ಮ ಉದ್ದೇಶವಾಗಿದ್ದರೆ, ವಿಂಡೋಸ್ 10ರ 1703ನೇ ಆವೃತ್ತಿಯಿಂದೀಚೆಗೆ ಜೊತೆಯಲ್ಲೇ ಬರುವ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣವು ಕಡತಗಳನ್ನು ಅಳಿಸದೆಯೇ ಪರಿವರ್ತನೆ ಮಾಡುತ್ತದೆ. ಆದರೆ ಡ್ರೈವ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್‌ಗಳಾಗಲಿ, ಲಾಜಿಕಲ್ ಪಾರ್ಟಿಶನ್‌ಗಳಾಗಲಿ ಇದ್ದರೆ ಅದು ಕೈಚೆಲ್ಲುತ್ತದೆ.

ಹಾಗಾದರೆ ಬುಡದಿಂದ ಮರುಸ್ಥಾಪನೆ ಯಾವಾಗ ಬೇಕು? ಪಾರ್ಟಿಶನ್ ಗಾತ್ರ ಬದಲಿಸುತ್ತಿರುವಾಗ ವಿದ್ಯುತ್ ಹೋಗಿ ಕೆಲಸ ಅರ್ಧಕ್ಕೆ ನಿಂತಿದ್ದರೆ, ಲಿನಕ್ಸ್ ಪಾರ್ಟಿಶನ್ನನ್ನು ಅಳಿಸಿದ ಮೇಲೆ ಲ್ಯಾಪ್‌ಟಾಪ್ ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ (ಗ್ರಬ್ ಎಂಬುದು ಲಿನಕ್ಸಿನ ಬೂಟ್ ತಂತ್ರಾಂಶ) ಎಂದು ತೋರಿಸಿ ಅಲ್ಲೇ ನಿಂತಿದ್ದರೆ ಮತ್ತು ಬೂಟ್ ದುರಸ್ತಿ ಫಲಿಸದಿದ್ದರೆ, ವರ್ಷಗಳ ಅಪ್‌ಗ್ರೇಡ್‌ಗಳಲ್ಲಿ ಮೂರು ನಾಲ್ಕು ರಿಕವರಿ ಪಾರ್ಟಿಶನ್‌ಗಳು ಅಲ್ಲಲ್ಲಿ ಬಿದ್ದಿದ್ದರೆ ಹೊಸ ಸ್ಥಾಪನೆಯೇ ಹತ್ತಿರದ ದಾರಿ. ಡೈನಾಮಿಕ್ ಡಿಸ್ಕ್ (ವಿಂಡೋಸಿನ ಬೇರೆಯದೇ ಒಂದು ಹಳೆಯ ಹಂಚಿಕೆ ಪದ್ಧತಿ) ಆಗಿಬಿಟ್ಟಿರುವ ಡ್ರೈವ್ ಕೂಡ ಈ ಸಾಲಿಗೇ ಸೇರುತ್ತದೆ. ಎಂಬಿಆರ್ ಡ್ರೈವ್‌ನಲ್ಲಿ ಐದನೆಯ ಪಾರ್ಟಿಶನ್ ರಚಿಸಲು ಹೋದಾಗ ಬೇಸಿಕ್ ಡಿಸ್ಕನ್ನು ಡೈನಾಮಿಕ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಓದದೆ ‘ಯೆಸ್’ ಒತ್ತಿದವರ ಡ್ರೈವ್‌ಗಳು ಈ ಸ್ಥಿತಿಗೆ ಬರುತ್ತವೆ.

ರಿಕವರಿ ಪಾರ್ಟಿಶನ್ ಚಿಕ್ಕದಾಗಿರುವುದೂ ತೊಂದರೆ ಕೊಟ್ಟದ್ದುಂಟು. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಒಂದು ಭದ್ರತಾ ಅಪ್‌ಡೇಟ್, ರಿಕವರಿ ಪಾರ್ಟಿಶನ್‌ನಲ್ಲಿ 250 ಎಂಬಿ ಖಾಲಿ ಜಾಗವಿಲ್ಲದ ಗಣಕಗಳಲ್ಲಿ ವಿಫಲವಾಗುತ್ತಿತ್ತು. ಅದೊಂದಕ್ಕಾಗಿ ಎಲ್ಲವನ್ನೂ ಅಳಿಸುವುದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಮೊದಲು ಡ್ರೈವ್‌ನ ಆರೋಗ್ಯ

ಪಾರ್ಟಿಶನ್ ತಾನಾಗಿ ಮಾಯವಾದರೆ, ಅಥವಾ ನಿನ್ನೆಯವರೆಗೆ ತೆರೆಯುತ್ತಿದ್ದ ಡಿ ಡ್ರೈವ್ ಇಂದು ‘ರಾ’ (ವಿಂಡೋಸ್ ಓದಲಾಗದ ಸ್ಥಿತಿ) ಎಂದು ಕಾಣಿಸಿಕೊಂಡರೆ, ಮೊದಲು ಸಂಶಯಪಡಬೇಕಾದುದು ಡ್ರೈವನ್ನೇ. ಸಾಯುತ್ತಿರುವ ಡ್ರೈವ್‌ನ ಮೇಲೆ ಎಷ್ಟು ಸಲ ವಿಂಡೋಸ್ ಹಾಕಿದರೂ ಕೆಲವು ವಾರಗಳಲ್ಲಿ ಅದೇ ಗೋಳು ಮರುಕಳಿಸುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದೊಳಗೆ ‘ಡಿಸ್ಕ್ಸ್ ಆ್ಯಂಡ್ ವಾಲ್ಯೂಮ್ಸ್’ ತೆರೆದು ಎನ್‌ವಿಎಂಇ ಎಸ್‌ಎಸ್‌ಡಿಯ ಪ್ರಾಪರ್ಟೀಸ್ ನೋಡಿದರೆ ಅದರ ಉಳಿದ ಆಯುಸ್ಸಿನ ಅಂದಾಜು ಕಾಣುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ಗಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ ‘ಗುಡ್’ ಎಂಬುದರ ಬದಲು ಹಳದಿ ಬಣ್ಣದಲ್ಲಿ ‘ಕಾಶನ್’ ಎಂದಿದ್ದು, ‘ರೀಅಲೊಕೇಟೆಡ್ ಸೆಕ್ಟರ್ಸ್’ ಅಥವಾ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನ ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕಡತಗಳನ್ನು ಹೊರತೆಗೆದು ಡ್ರೈವ್ ಬದಲಿಸುವುದೇ ಸರಿ.

‘ರಾ’ ಆಗಿರುವ ಪಾರ್ಟಿಶನ್‌ನಲ್ಲಿ ಬೇಕಾದ ಕಡತಗಳಿದ್ದರೆ, ಅದನ್ನು ತೆರೆಯಲು ಹೋದಾಗ ವಿಂಡೋಸ್ ಮುಂದಿಡುವ ‘ಫಾರ್ಮ್ಯಾಟ್ ಡಿಸ್ಕ್’ ಗುಂಡಿಯನ್ನು ಯಾವ ಕಾರಣಕ್ಕೂ ಒತ್ತಬಾರದು. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಕಳೆದುಹೋದ ಪಾರ್ಟಿಶನ್‌ಗಳನ್ನು ಹುಡುಕುತ್ತದೆ. ಅದರ ಜೊತೆಗೇ ಬರುವ ಫೋಟೊರೆಕ್ ಕಡತಗಳನ್ನು ಒಂದೊಂದಾಗಿ ಹೆಕ್ಕುತ್ತದೆ. ಹೆಕ್ಕಿದ್ದನ್ನು ಬೇರೆ ಡ್ರೈವ್‌ನಲ್ಲಿಯೇ ಉಳಿಸಬೇಕು. ಇವೆಲ್ಲವೂ ಮರುಸ್ಥಾಪನೆಗೆ ಮೊದಲು ನಡೆಯಬೇಕು, ಏಕೆಂದರೆ ಎಸ್‌ಎಸ್‌ಡಿಗಳಲ್ಲಿ ‘ಟ್ರಿಮ್’ ಎಂಬ ವ್ಯವಸ್ಥೆಯಿರುವುದರಿಂದ ಫಾರ್ಮ್ಯಾಟ್ ಆದ ಜಾಗದಲ್ಲಿದ್ದ ಮಾಹಿತಿ ಸ್ವಲ್ಪ ಹೊತ್ತಿನಲ್ಲೇ ನಿಜವಾಗಿ ಅಳಿದುಹೋಗುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ಆಮೇಲೆಯೂ ಏನಾದರೂ ಸಿಗಬಹುದೆಂಬ ಆಸೆಗೆ ಜಾಗವಿತ್ತು. ಎಸ್‌ಎಸ್‌ಡಿಯಲ್ಲಿ ಅದೂ ಇಲ್ಲ.

ಬ್ಯಾಕಪ್ ಮತ್ತು ಬಿಟ್‌ಲಾಕರ್ ಕೀಲಿ

ಬ್ಯಾಕಪ್ ಇನ್ನೊಂದು ಭೌತಿಕ ಸಾಧನದಲ್ಲಿರಬೇಕು. ಸಿ ಡ್ರೈವ್‌ನ ಕಡತಗಳನ್ನು ಡಿ ಡ್ರೈವ್‌ಗೆ ಹಾಕಿದ್ದೇನೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಒಂದೇ ಡ್ರೈವ್‌ನ ಭಾಗಗಳಾಗಿದ್ದು, ನಾವು ಕೈಹಾಕಲಿರುವುದು ಆ ಡ್ರೈವ್‌ನ ಪಾರ್ಟಿಶನ್ ಪಟ್ಟಿಗೇ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಚಿತ್ರಗಳು ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಡೌನ್‌ಲೋಡ್ಸ್ ಫೋಲ್ಡರ್. ಒನ್‌ಡ್ರೈವ್ ಕೂಡ ಅದನ್ನು ತಾನಾಗಿ ಕಾಪಿಡುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ, ಔಟ್‌ಲುಕ್ ಬಳಸುತ್ತಿದ್ದರೆ ಮಿಂಚಂಚೆಗಳಿರುವ ಅದರ ಪಿಎಸ್‌ಟಿ ಕಡತ ಎಲ್ಲಿದೆ, ಲೆಕ್ಕಪತ್ರದ ತಂತ್ರಾಂಶವಿದ್ದರೆ ಅದು ತನ್ನ ಮಾಹಿತಿಯನ್ನು ಸಿ ಡ್ರೈವ್‌ನ ಯಾವ ಮೂಲೆಯಲ್ಲಿ ಇಟ್ಟುಕೊಂಡಿದೆ ಎಂಬುದನ್ನೆಲ್ಲ ಈಗಲೇ ಹುಡುಕಬೇಕು. ಹಲವು ತಂತ್ರಾಂಶಗಳ ಸೆಟ್ಟಿಂಗ್‌ಗಳು ‘ಆ್ಯಪ್‌ಡೇಟಾ’ ಎಂಬ ಅಡಗಿಸಿಟ್ಟ ಫೋಲ್ಡರ್‌ನಲ್ಲಿರುತ್ತವೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಕೊಟ್ಟ ಮೇಲಷ್ಟೇ ಅದು ಕಣ್ಣಿಗೆ ಬೀಳುತ್ತದೆ.

ನಕಲು ಮುಗಿದ ಮೇಲೆ ಮೂಲ ಫೋಲ್ಡರ್ ಮತ್ತು ನಕಲು ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನು ಹೋಲಿಸಿ ನೋಡಿ. ಸಾಧ್ಯವಾದರೆ ಆ ಹೊರಗಿನ ಡ್ರೈವನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ ನಾಲ್ಕಾರು ಕಡತಗಳನ್ನು ತೆರೆಯಿರಿ. ಬ್ಯಾಕಪ್ ಮಾಡಿದ್ದು ತೆರೆಯುತ್ತದೆ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನ ಹೆಜ್ಜೆ ಇಡುವುದು ಲೇಸು.

ಡ್ರೈವ್‌ನಲ್ಲಿರುವುದನ್ನು ಗೂಢಲಿಪಿಗೆ ಬದಲಿಸಿ ಬೀಗ ಹಾಕುವ ಬಿಟ್‌ಲಾಕರ್‌ನ ವಿಷಯ ಬೇರೆ ಬಗೆಯದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರಿಗೆ ತಿಳಿಯದಂತೆಯೇ ಡ್ರೈವ್ ಗೂಢಲಿಪಿಗೆ ಒಳಪಟ್ಟಿರುವುದುಂಟು. ಸಿ ಡ್ರೈವನ್ನು ಅಳಿಸಿ ಡಿ ಡ್ರೈವನ್ನು ಉಳಿಸಿಕೊಳ್ಳುವ ಯೋಚನೆ ನಿಮ್ಮದಾಗಿದ್ದರೆ, ಹೊಸ ವಿಂಡೋಸ್ ಆ ಡಿ ಡ್ರೈವನ್ನು ತೆರೆಯಲು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರ ಕೀಲಿ ಸಾಮಾನ್ಯವಾಗಿ ಆ ಖಾತೆಯ ಜಾಲತಾಣದಲ್ಲಿ ದಾಖಲಾಗಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅಥವಾ ಇನ್ನೂ ಸರಳವಾಗಿ, ಮರುಸ್ಥಾಪನೆಗೆ ಮೊದಲೇ ಬಿಟ್‌ಲಾಕರ್ ನಿಲ್ಲಿಸಿ ಡ್ರೈವ್ ಪೂರ್ತಿ ಬಿಡುಗಡೆಯಾಗುವವರೆಗೆ ಕಾಯಿರಿ. ಬಯಾಸ್ (ಲ್ಯಾಪ್‌ಟಾಪ್ ಚಾಲೂ ಆದೊಡನೆ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್‌ಗಳನ್ನು ಬದಲಿಸಿದಾಗಲೂ ಈ ಕೀಲಿಯನ್ನು ಕೇಳುವ ಸಂಭವವಿರುವುದರಿಂದ, ಎಲ್ಲವನ್ನೂ ಅಳಿಸುವವರೂ ಕೀಲಿಯನ್ನು ಕೈಯಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಪೆನ್‌ಡ್ರೈವ್ ಸಿದ್ಧಪಡಿಸುವುದು

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್ ಜಾಲತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲನ್ನು ಇಳಿಸಿಕೊಂಡು ಓಡಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಐಎಸ್‌ಒ ಕಡತ (ವಿಂಡೋಸ್ ಸೆಟಪ್ ಪೂರ್ತಿ ಅಡಗಿರುವ ಒಂದೇ ಕಡತ) ಈಗಾಗಲೇ ನಿಮ್ಮ ಬಳಿ ಇದ್ದರೆ ರೂಫಸ್ ಎಂಬ ತಂತ್ರಾಂಶ ಬಳಸಬಹುದು. ಅದರಲ್ಲಿ ಪಾರ್ಟಿಶನ್ ಸ್ಕೀಮ್ ‘ಜಿಪಿಟಿ’ ಎಂದೂ ಟಾರ್ಗೆಟ್ ಸಿಸ್ಟಮ್ ‘ಯುಇಎಫ್‌ಐ’ (ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) ಎಂದೂ ಇರುವಂತೆ ನೋಡಿಕೊಳ್ಳಿ. ಐಎಸ್‌ಒ ಒಳಗಿನದನ್ನು ಸುಮ್ಮನೆ ಪೆನ್‌ಡ್ರೈವ್‌ಗೆ ಎಳೆದು ಹಾಕುವ ಉಪಾಯ ಈಗ ಹೆಚ್ಚಾಗಿ ಕೈಕೊಡುತ್ತದೆ. ಯುಇಎಫ್‌ಐ ಬೂಟ್‌ಗೆ ಸಾಮಾನ್ಯವಾಗಿ ಫ್ಯಾಟ್32 ಎಂಬ ಫಾರ್ಮ್ಯಾಟ್ ಬೇಕು, ಫ್ಯಾಟ್32 ಒಂದೇ ಕಡತಕ್ಕೆ 4 ಜಿಬಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ, ಆದರೆ ವಿಂಡೋಸಿನ ಮುಖ್ಯ ಇನ್‌ಸ್ಟಾಲ್ ಕಡತವೊಂದೇ ಆ ಮಿತಿಯನ್ನು ಮೀರುತ್ತದೆ.

ಯಾವ ವಿಂಡೋಸ್ ಎಂಬುದನ್ನೂ ಈಗಲೇ ನಿರ್ಧರಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಒಂದು ಭದ್ರತಾ ಸೌಲಭ್ಯ), ಸೆಕ್ಯೂರ್ ಬೂಟ್ ಸಾಮರ್ಥ್ಯವುಳ್ಳ ಯುಇಎಫ್‌ಐ, 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಡ್ರೈವ್ ಕನಿಷ್ಠ ಅಗತ್ಯಗಳಾಗಿದ್ದು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಈಗ ಹೋಮ್ ಆವೃತ್ತಿ ಇದೆಯೇ ಪ್ರೊ ಇದೆಯೇ ಎಂದು ನೋಡಿಟ್ಟುಕೊಳ್ಳಿ. ಡಿಜಿಟಲ್ ಪರವಾನಗಿಯು ಲ್ಯಾಪ್‌ಟಾಪಿನ ಮದರ್‌ಬೋರ್ಡ್‌ಗೆ ತಳುಕು ಹಾಕಿಕೊಂಡಿರುವುದರಿಂದ ಅದೇ ಆವೃತ್ತಿಯನ್ನು ಹಾಕಿದರೆ ಕೀಲಿ ಕೊಡದೆಯೇ ವಿಂಡೋಸ್ ಸಕ್ರಿಯವಾಗುತ್ತದೆ. ಬೇರೆಯದನ್ನು ಹಾಕಿದರೆ ಆಗುವುದಿಲ್ಲ.

ಅದೇ ಪೆನ್‌ಡ್ರೈವ್‌ನಲ್ಲಿ, ಬೇರೆ ಫೋಲ್ಡರ್‌ ಮಾಡಿ, ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಇಳಿಸಿಕೊಂಡ ವೈ-ಫೈ ಡ್ರೈವರ್ ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನು ಬಿಚ್ಚಿದ ರೂಪದಲ್ಲಿ ಹಾಕಿಡಿ. ಹೊಸ ವಿಂಡೋಸ್ ನಿಮ್ಮ ವೈ-ಫೈ ಚಿಪ್ಪನ್ನು ಗುರುತಿಸದೆ, ಅತ್ತ ಇಂಟರ್‌ನೆಟ್ ಇಲ್ಲದೆ ಮುಂದೆ ಹೋಗುವುದಿಲ್ಲ ಎಂದು ಹಟ ಹಿಡಿದಾಗ ಈ ಹತ್ತು ನಿಮಿಷದ ಕೆಲಸದ ಬೆಲೆ ತಿಳಿಯುತ್ತದೆ.

ಬೂಟ್ ಮಾಡುವಾಗ

ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಸಿಕ್ಕಿಸಿ, ಸೆಟಪ್ ಪೆನ್‌ಡ್ರೈವ್ ಬಿಟ್ಟು ಉಳಿದೆಲ್ಲವನ್ನೂ ತೆಗೆಯಿರಿ: ಹೊರಗಿನ ಹಾರ್ಡ್‌ಡಿಸ್ಕ್, ಮೆಮೊರಿ ಕಾರ್ಡ್, ಇನ್ನೊಂದು ಪೆನ್‌ಡ್ರೈವ್. ಬ್ಯಾಕಪ್ ಇರುವ ಡ್ರೈವ್ ಆ ಕೋಣೆಯಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಲ್ಯಾಪ್‌ಟಾಪ್‌ಗೆ ಮಾತ್ರ ಅಂಟಿಕೊಂಡಿರಬಾರದು.

ಪವರ್ ಗುಂಡಿ ಒತ್ತಿದೊಡನೆ ಬೂಟ್ ಮೆನುವಿನ ಕೀಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಅದು ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯಾಸ್‌ನಲ್ಲಿ ಸಕ್ರಿಯಗೊಳಿಸಬೇಕಾಗಿ ಬರಬಹುದು. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಕೆಲವೊಮ್ಮೆ ಎರಡು ಸಲ ಕಾಣಿಸುತ್ತದೆ, ಒಂದರ ಮುಂದೆ ‘ಯುಇಎಫ್‌ಐ’ ಎಂದಿರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ಬೂಟ್ ಆದ ಪದ್ಧತಿಯೂ ಡ್ರೈವ್‌ನ ಪದ್ಧತಿಯೂ ಒಂದಕ್ಕೊಂದು ಹೊಂದದಿದ್ದರೆ ಮುಂದೆ ಪಾರ್ಟಿಶನ್ ಪರದೆಯಲ್ಲಿ ಎರಡರಲ್ಲೊಂದು ದೂರು ಎದುರಾಗುತ್ತದೆ. ಯುಇಎಫ್‌ಐನಲ್ಲಿ ಬೂಟ್ ಆಗಿದ್ದು ಡ್ರೈವ್ ಎಂಬಿಆರ್ ಆಗಿದ್ದರೆ ‘ಜಿಪಿಟಿ ಡಿಸ್ಕ್ ಮಾತ್ರ ಆಗುತ್ತದೆ’ ಎನ್ನುತ್ತದೆ. ಹಳೆಯ ಲೆಗಸಿ ಪದ್ಧತಿಯಲ್ಲಿ ಬೂಟ್ ಆಗಿದ್ದು ಡ್ರೈವ್ ಜಿಪಿಟಿ ಆಗಿದ್ದರೆ ‘ಈ ಡಿಸ್ಕ್ ಜಿಪಿಟಿ ಶೈಲಿಯದು, ಇಲ್ಲಿ ಆಗುವುದಿಲ್ಲ’ ಎನ್ನುತ್ತದೆ. ಎರಡನೆಯ ದೂರು ಬಂದರೆ ಡ್ರೈವನ್ನು ಮುಟ್ಟದೆ ಹಿಂದಕ್ಕೆ ಹೋಗಿ, ಬಯಾಸ್‌ನಲ್ಲಿ ಲೆಗಸಿ ಅಥವಾ ಸಿಎಸ್‌ಎಂ ಎಂಬುದನ್ನು ನಿಲ್ಲಿಸಿ, ಮತ್ತೆ ಬೂಟ್ ಮಾಡಿ. ಜಿಪಿಟಿಯನ್ನು ಎಂಬಿಆರ್‌ಗೆ ಇಳಿಸುವುದು ಬೇಡ.

ಪಾರ್ಟಿಶನ್ ಪರದೆ

ಭಾಷೆ, ಕೀಬೋರ್ಡ್, ಪರವಾನಗಿ ಎಲ್ಲ ದಾಟಿದ ಮೇಲೆ ಹಳೆಯ ಸೆಟಪ್‌ಗಳಲ್ಲಿ ‘ಅಪ್‌ಗ್ರೇಡ್’ ಮತ್ತು ‘ಕಸ್ಟಮ್’ ಎಂಬ ಎರಡು ಆಯ್ಕೆಗಳು ಬರುತ್ತವೆ, ಕಸ್ಟಮ್ ಆರಿಸಬೇಕು. ವಿಂಡೋಸ್ 11ರ ಈಚಿನ ಸೆಟಪ್‌ನಲ್ಲಿ ಇದು ಬೇರೆ ರೂಪದಲ್ಲಿದೆ: ‘ಇನ್‌ಸ್ಟಾಲ್ ವಿಂಡೋಸ್ 11’ ಆರಿಸಿ, ಕಡತಗಳೂ ಆ್ಯಪ್‌ಗಳೂ ಅಳಿಸಿಹೋಗುತ್ತವೆ ಎಂಬುದಕ್ಕೆ ಒಪ್ಪಿಗೆಯ ಗುರುತು ಹಾಕಬೇಕು. ಉತ್ಪನ್ನ ಕೀಲಿ ಕೇಳಿದಾಗ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿದರೆ ಸಾಕು.

ಈಗ ಪಟ್ಟಿ ಕಾಣುತ್ತದೆ. 512 ಜಿಬಿಯ ಡ್ರೈವ್ ಇಲ್ಲಿ ಸುಮಾರು 476.9 ಜಿಬಿ ಎಂದೂ, 1 ಟಿಬಿಯದು 931 ಜಿಬಿಯ ಆಸುಪಾಸಿನಲ್ಲೂ ಕಾಣಿಸುತ್ತದೆ. ಜಾಗ ಎಲ್ಲೂ ಹೋಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಪಟ್ಟಿಯ ಒಂದೊಂದು ಸಾಲೂ ‘ಡ್ರೈವ್ 0 ಪಾರ್ಟಿಶನ್ 1’ ಎಂಬ ಮಾದರಿಯಲ್ಲಿರುತ್ತದೆ. ಸಾಮಾನ್ಯವಾಗಿ ಮೊದಲಿಗೆ ಬೂಟ್ ಕಡತಗಳಿರುವ 100 ಎಂಬಿಯ ಸಿಸ್ಟಮ್ ಪಾರ್ಟಿಶನ್, ನಂತರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂದೂ ಕಾಣಿಸಿಕೊಳ್ಳದ 16 ಎಂಬಿಯ ಎಂಎಸ್‌ಆರ್ (ವಿಂಡೋಸ್ ತನಗಾಗಿ ಕಾದಿರಿಸಿದ ಜಾಗ), ಆಮೇಲೆ ದೊಡ್ಡ ಪ್ರೈಮರಿ, ಕೊನೆಗೆ ರಿಕವರಿ. ತಯಾರಕರು ಸಿಸ್ಟಮ್ ಪಾರ್ಟಿಶನ್ನನ್ನು 260 ಎಂಬಿ ಇಟ್ಟಿರುವುದೂ ಉಂಟು. ಇಲ್ಲಿ ಸಿ, ಡಿ ಎಂಬ ಅಕ್ಷರಗಳನ್ನು ನಂಬಿಕೊಂಡು ಕೂರಬೇಡಿ, ಗುರುತಿಸಬೇಕಾದುದು ಗಾತ್ರದಿಂದ. ಆದ್ದರಿಂದಲೇ ಹಿಂದಿನ ದಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದರೆ ತುಂಬ ನೆರವಾಗುತ್ತದೆ.

ಎರಡು ಡ್ರೈವ್‌ಗಳಿರುವ ಲ್ಯಾಪ್‌ಟಾಪ್‌ಗಳಲ್ಲಿ ವಿಶೇಷ ಎಚ್ಚರ ಬೇಕು. ವಿಂಡೋಸನ್ನು ಡ್ರೈವ್ 1ರ ಎಸ್‌ಎಸ್‌ಡಿಗೆ ಹಾಕಿದರೂ, ಡ್ರೈವ್ 0ರ ಹಾರ್ಡ್‌ಡಿಸ್ಕ್‌ನಲ್ಲಿ ಹಳೆಯ ಸಿಸ್ಟಮ್ ಪಾರ್ಟಿಶನ್ ಇದ್ದರೆ ಸೆಟಪ್ ಬೂಟ್ ಕಡತಗಳನ್ನು ಅಲ್ಲಿಗೇ ಬರೆದುಬಿಡಬಹುದು. ಮುಂದೊಂದು ದಿನ ಆ ಹಾರ್ಡ್‌ಡಿಸ್ಕ್ ಕೆಟ್ಟರೆ, ಚೆನ್ನಾಗಿರುವ ಎಸ್‌ಎಸ್‌ಡಿಯಿಂದಲೂ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ. ಬಯಾಸ್‌ನಲ್ಲಿ ಎರಡನೆಯ ಡ್ರೈವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅವಕಾಶವಿದ್ದರೆ ನಿಲ್ಲಿಸುವುದು, ಇಲ್ಲವಾದರೆ ಬಿಚ್ಚಿಡುವುದು ಖಚಿತವಾದ ಉಪಾಯ.

ಪಟ್ಟಿಯಲ್ಲಿ ಡ್ರೈವ್ ಕಾಣದೇ ಹೋದರೆ ಗಾಬರಿ ಬೇಡ. ಇಂಟೆಲ್ ಪ್ರೊಸೆಸರ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಗಳನ್ನು ನಿರ್ವಹಿಸುವ ವಿಎಂಡಿ ಎಂಬ ಸೌಲಭ್ಯ ಚಾಲೂ ಇರುತ್ತದೆ ಮತ್ತು ಅದರ ಡ್ರೈವರ್ ಸೆಟಪ್‌ನಲ್ಲಿ ಇರುವುದಿಲ್ಲ. ‘ಲೋಡ್ ಡ್ರೈವರ್’ ಒತ್ತಿ, ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರಿನ ಫೋಲ್ಡರ್ ತೋರಿಸಿದರೆ ಡ್ರೈವ್ ಪ್ರತ್ಯಕ್ಷವಾಗುತ್ತದೆ.

ಎಲ್ಲವನ್ನೂ ಅಳಿಸುವವರು ಡ್ರೈವ್ 0ರ ಒಂದೊಂದೇ ಸಾಲನ್ನು ಆರಿಸಿ ‘ಡಿಲೀಟ್’ ಒತ್ತುತ್ತ ಹೋಗಬೇಕು, ಕೊನೆಗೆ ‘ಡ್ರೈವ್ 0 ಅನ್‌ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಉಳಿಯಬೇಕು. ಅದರ ಗಾತ್ರ ಇಡೀ ಡ್ರೈವ್‌ನ ಗಾತ್ರಕ್ಕೆ ಸಮವಾಗಿದೆಯೇ ನೋಡಿ. ಫಾರ್ಮ್ಯಾಟ್ ಒತ್ತಿದರೆ ಸಾಲದು, ಏಕೆಂದರೆ ಫಾರ್ಮ್ಯಾಟ್ ಒಳಗಿನದನ್ನು ಅಳಿಸಿ ಎಲ್ಲೆಯನ್ನು ಹಾಗೆಯೇ ಬಿಡುತ್ತದೆ. ತಯಾರಕರ ರಿಕವರಿ ಪಾರ್ಟಿಶನ್ನನ್ನು ಅಳಿಸಿದರೆ ಲ್ಯಾಪ್‌ಟಾಪ್ ಕೊಂಡ ದಿನದ ಸ್ಥಿತಿಗೆ ಮರಳಿಸುವ ಅವರ ವ್ಯವಸ್ಥೆ ಹೋಗುತ್ತದೆ ಎಂಬುದು ನಿಜ. ಬೇಕೆನಿಸಿದವರು ತಯಾರಕರ ಉಪಕರಣದಿಂದ ಅದರ ಪ್ರತಿಯನ್ನು ಮೊದಲೇ ಬೇರೆ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬಹುದು.

ಡಿ ಡ್ರೈವನ್ನು ಉಳಿಸಿಕೊಳ್ಳುವವರು ಅದರ ಸಾಲನ್ನು ಮುಟ್ಟದೆ, ಸಿಸ್ಟಮ್, ಎಂಎಸ್‌ಆರ್, ಹಳೆಯ ಸಿ ಮತ್ತು ಅದರ ಪಕ್ಕದ ರಿಕವರಿಯನ್ನು ಅಳಿಸಬೇಕು. ಒಂದಕ್ಕೊಂದು ಅಂಟಿದ ಖಾಲಿ ಜಾಗಗಳು ತಾವಾಗಿ ಕೂಡಿಕೊಳ್ಳುತ್ತವೆ. ಡ್ರೈವ್ ಎಂಬಿಆರ್ ಆಗಿದ್ದರೆ ಮಾತ್ರ ಈ ದಾರಿ ನಡೆಯುವುದಿಲ್ಲ, ಸೆಟಪ್‌ನ ಈ ಹಂತದಲ್ಲಿ ಜಿಪಿಟಿಗೆ ಬದಲಿಸಲು ಇಡೀ ಡ್ರೈವ್ ಖಾಲಿಯಾಗಲೇಬೇಕು.

ಡಿಸ್ಕ್‌ಪಾರ್ಟ್ ಬಳಸಬೇಕಾಗಿ ಬಂದರೆ

ಕೆಲವು ಪಾರ್ಟಿಶನ್‌ಗಳು ಅಳಿಯಲು ಒಪ್ಪುವುದಿಲ್ಲ, ಅಥವಾ ಹೊಸ ಪಾರ್ಟಿಶನ್ ರಚಿಸಲೂ ಆಗಲಿಲ್ಲ, ಇರುವುದೂ ಸಿಗಲಿಲ್ಲ ಎಂಬ ಅಸ್ಪಷ್ಟ ದೂರಿನೊಂದಿಗೆ ಸೆಟಪ್ ನಿಂತುಬಿಡುತ್ತದೆ. ಬೇರೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳು ಉಳಿದಿಲ್ಲವೆಂದು ಖಚಿತಪಡಿಸಿಕೊಂಡೂ ಫಲವಿಲ್ಲದಿದ್ದರೆ, ಆದೇಶಗಳನ್ನು ಟೈಪ್ ಮಾಡಿ ಪಾರ್ಟಿಶನ್‌ಗಳನ್ನು ನಿಭಾಯಿಸುವ ಡಿಸ್ಕ್‌ಪಾರ್ಟ್‌ಗೆ ಇಳಿಯಬೇಕು. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಸೇರಿಸಿ ಒತ್ತಿದರೆ, ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿ ತೆರೆಯುತ್ತದೆ. ಇಲ್ಲಿ ಹೇಳುವ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಪ್ರತಿಯೊಂದಕ್ಕೂ ಎಂಟರ್ ಒತ್ತಬೇಕು.

ಮೊದಲಿಗೆ ‘ಡಿಸ್ಕ್‌ಪಾರ್ಟ್’, ನಂತರ ‘ಲಿಸ್ಟ್ ಡಿಸ್ಕ್’. ಡ್ರೈವ್‌ಗಳ ಪಟ್ಟಿಯೂ ಗಾತ್ರವೂ ಬರುತ್ತವೆ. ಬಲತುದಿಯ ‘ಜಿಪಿಟಿ’ ಅಂಕಣದಲ್ಲಿ ನಕ್ಷತ್ರದ ಗುರುತಿದ್ದರೆ ಅದು ಜಿಪಿಟಿ, ಪಕ್ಕದ ‘ಡಿವೈಎನ್’ ಅಂಕಣದಲ್ಲಿದ್ದರೆ ಡೈನಾಮಿಕ್. ನಿಮ್ಮ ಡ್ರೈವ್ 0 ಆಗಿದ್ದರೆ ‘ಸೆಲೆಕ್ಟ್ ಡಿಸ್ಕ್ 0’ ಎಂದು ಕೊಟ್ಟು, ಕೂಡಲೇ ‘ಲಿಸ್ಟ್ ಪಾರ್ಟಿಶನ್’ ಕೊಟ್ಟು, ಬಂದ ಗಾತ್ರಗಳು ನೀವು ಅಳಿಸಬೇಕೆಂದಿರುವ ಡ್ರೈವ್‌ನವೇ ಎಂದು ಓದಿ ನೋಡಿ. ಸೆಟಪ್ ಪೆನ್‌ಡ್ರೈವ್ ಕೂಡ ಇದೇ ಪಟ್ಟಿಯಲ್ಲಿರುತ್ತದೆ ಎಂಬುದು ನೆನಪಿರಲಿ. ಖಚಿತವಾದ ಮೇಲೆ ‘ಕ್ಲೀನ್’. ಈ ಆದೇಶ ‘ಹೌದೇ’ ಎಂದು ಮರುಪ್ರಶ್ನೆ ಕೇಳುವುದಿಲ್ಲ. ಎಂಟರ್ ಒತ್ತಿದ ಒಂದೆರಡು ಕ್ಷಣದಲ್ಲಿ ಇಡೀ ಡ್ರೈವ್‌ನ ಪಾರ್ಟಿಶನ್ ಪಟ್ಟಿ ಇಲ್ಲವಾಗಿರುತ್ತದೆ. ಬಳಿಕ ‘ಕನ್ವರ್ಟ್ ಜಿಪಿಟಿ’, ಆಮೇಲೆ ‘ಎಕ್ಸಿಟ್’. ‘ಕ್ಲೀನ್ ಆಲ್’ ಎಂಬುದು ಡ್ರೈವ್‌ನ ಉದ್ದಕ್ಕೂ ಸೊನ್ನೆ ಬರೆಯುವ ಗಂಟೆಗಟ್ಟಲೆಯ ಕೆಲಸ, ಮರುಸ್ಥಾಪನೆಗೆ ಅದು ಬೇಡ. ಕಿಟಕಿ ಮುಚ್ಚಿ, ಪಾರ್ಟಿಶನ್ ಪರದೆಯಲ್ಲಿ ‘ರಿಫ್ರೆಶ್’ ಒತ್ತಿದರೆ ಖಾಲಿ ಡ್ರೈವ್ ಎದುರಿಗಿರುತ್ತದೆ.

ಹೊಸ ಹಂಚಿಕೆ

ಒಂದೇ ಪಾರ್ಟಿಶನ್ ಸಾಕೆನ್ನುವವರು ಖಾಲಿ ಜಾಗವನ್ನು ಆರಿಸಿ ‘ನೆಕ್ಸ್ಟ್’ ಒತ್ತಿದರೆ ಬೇಕಾದ ಸಣ್ಣ ಪಾರ್ಟಿಶನ್‌ಗಳನ್ನೆಲ್ಲ ಸೆಟಪ್ ತಾನೇ ರಚಿಸುತ್ತದೆ. 256 ಜಿಬಿ ಅಥವಾ ಅದಕ್ಕಿಂತ ಕಡಿಮೆಯ ಡ್ರೈವ್ ಇರುವವರಿಗೆ ನನ್ನ ಸಲಹೆ ಇದೇ. ಎಸ್‌ಎಸ್‌ಡಿಯನ್ನು ತುಂಡು ಮಾಡಿದರೆ ವೇಗ ಹೆಚ್ಚುವುದಿಲ್ಲ, ಬದಲಿಗೆ ಒಂದು ತುಂಡು ತುಂಬಿ ಇನ್ನೊಂದು ಖಾಲಿ ಉಳಿದು, ಈ ಲೇಖನದ ಆರಂಭದಲ್ಲಿ ಹೇಳಿದ ತೊಡಕೇ ಮತ್ತೆ ಹುಟ್ಟುತ್ತದೆ. ದೊಡ್ಡ ಡ್ರೈವ್‌ನಲ್ಲಿ ಕಡತಗಳಿಗೆ ಬೇರೆ ಪಾರ್ಟಿಶನ್ ಬೇಕೆನ್ನುವುದರಲ್ಲಿ ಅರ್ಥವಿದೆ, ಮುಂದೆ ವಿಂಡೋಸ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಹಾಗೆ ಮಾಡುವಾಗ ಸಿ ಡ್ರೈವ್‌ಗೆ ಕೈ ಬಿಗಿ ಹಿಡಿಯಬೇಡಿ. 64 ಜಿಬಿ ಎಂಬುದು ಸ್ಥಾಪನೆಗೆ ಬೇಕಾದ ಕನಿಷ್ಠ. ಅಪ್‌ಡೇಟ್‌ಗಳು, ಪೇಜ್‌ಫೈಲ್, ಹೈಬರ್ನೇಶನ್ ಕಡತ, ತಂತ್ರಾಂಶಗಳೆಲ್ಲ ಸೇರಿದಾಗ 200 ಜಿಬಿಯೂ ಹೆಚ್ಚೆನಿಸುವುದಿಲ್ಲ. ‘ನ್ಯೂ’ ಅಥವಾ ‘ಕ್ರಿಯೇಟ್ ಪಾರ್ಟಿಶನ್’ ಒತ್ತಿದಾಗ ಗಾತ್ರವನ್ನು ಎಂಬಿಯಲ್ಲಿ ಕೇಳುತ್ತದೆ: 200 ಜಿಬಿ ಬೇಕಾದರೆ 204800 ಎಂದು ಬರೆಯಬೇಕು. 200000 ಎಂದು ಬರೆದವರಿಗೆ 195 ಜಿಬಿಯ ಡ್ರೈವ್ ಸಿಗುತ್ತದೆ.

ಉಳಿದ ಜಾಗದಲ್ಲಿ ಡಿ ಡ್ರೈವನ್ನು ಈಗಲೇ ರಚಿಸುವ ಅವಸರ ಬೇಡ. ವಿಂಡೋಸ್ ಚಾಲೂ ಆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ರಚಿಸುವುದು ಸುಲಭ. ಪಕ್ಕದಲ್ಲಿ ಲಿನಕ್ಸ್ ಬೇಕೆನ್ನುವವರೂ ಮೊದಲು ವಿಂಡೋಸ್ ಹಾಕಿ, ಜಾಗವನ್ನು ಹಂಚದೆ ಬಿಟ್ಟು, ಆಮೇಲೆ ಲಿನಕ್ಸ್ ಹಾಕಬೇಕು. ಕ್ರಮ ತಿರುಗಿದರೆ ವಿಂಡೋಸ್ ಬೂಟ್ ಸರದಿಯಲ್ಲಿ ತನ್ನನ್ನೇ ಮುಂದೆ ಹಾಕಿಕೊಳ್ಳುತ್ತದೆ.

ಸ್ಥಾಪನೆಯಾದ ಮೇಲೆ

ಕಡತಗಳ ನಕಲು ಮುಗಿದು ಲ್ಯಾಪ್‌ಟಾಪ್ ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ತೆಗೆಯಿರಿ, ಇಲ್ಲವಾದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೆಟಪ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವೈ-ಫೈ ಡ್ರೈವರ್ ಕೇಳಿದರೆ ಮತ್ತೆ ಸಿಕ್ಕಿಸಿ ಆ ಫೋಲ್ಡರ್ ತೋರಿಸಬಹುದು.

ಡೆಸ್ಕ್‌ಟಾಪ್ ಬಂದ ಮೇಲೆ ಕಡತಗಳನ್ನು ಮರಳಿ ತುಂಬುವ ಮೊದಲು ಕೆಲವು ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ತಪ್ಪಿದ್ದರೆ ಡ್ರೈವ್ ಖಾಲಿ ಇರುವಾಗಲೇ ತಿದ್ದುವುದು ಸುಲಭ. ಸಿಸ್ಟಮ್ ಇನ್ಫರ್ಮೇಶನ್ ತೆರೆದು ‘ಬಯಾಸ್ ಮೋಡ್’ ಎದುರು ಯುಇಎಫ್‌ಐ ಎಂದಿದೆಯೇ ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಶನ್‌ಗಳ ಸಾಲು ನೀವಂದುಕೊಂಡಂತೆಯೇ ಇದೆಯೇ, ಸಿ ಮತ್ತು ಸಿಸ್ಟಮ್ ಎರಡೂ ಒಂದೇ ಡಿಸ್ಕ್‌ನಲ್ಲಿವೆಯೇ ಗಮನಿಸಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರೀಏಜೆಂಟ್‌ಸಿ’ ಎಂಬ ಆದೇಶದ ಮುಂದೆ ಜಾಗ ಬಿಟ್ಟು, ಓರೆಗೆರೆ ಹಾಕಿ ‘ಇನ್ಫೊ’ ಎಂದು ಸೇರಿಸಿ (reagentc /info) ಕೊಟ್ಟರೆ ರಿಕವರಿ ವ್ಯವಸ್ಥೆ ‘ಎನೇಬಲ್ಡ್’ ಎಂದು ತೋರಿಸಬೇಕು. ನಂತರ ವಿಂಡೋಸ್ ಅಪ್‌ಡೇಟ್ ಓಡಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತುಗಳು ಉಳಿದಿದ್ದರೆ ತಯಾರಕರ ಡ್ರೈವರ್‌ಗಳನ್ನು ಹಾಕಿ.

ಉಳಿಸಿಕೊಂಡ ಡಿ ಡ್ರೈವ್‌ಗೆ ಬೇರೆ ಅಕ್ಷರ ಬಂದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಬದಲಿಸಬಹುದು. ಅದರ ಕೆಲವು ಫೋಲ್ಡರ್‌ಗಳು ಅನುಮತಿಯಿಲ್ಲ ಎಂದು ತಡೆದರೆ, ಅವು ಹಳೆಯ ವಿಂಡೋಸಿನ ಬಳಕೆದಾರನ ಹೆಸರಿನಲ್ಲಿವೆ ಎಂದಷ್ಟೇ ಅರ್ಥ; ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಸೆಕ್ಯೂರಿಟಿ ವಿಭಾಗದ ಅಡ್ವಾನ್ಸ್ಡ್‌ಗೆ ಹೋಗಿ ಒಡೆತನವನ್ನು ಹೊಸ ಖಾತೆಗೆ ಬದಲಿಸಿದರೆ ತೆರೆದುಕೊಳ್ಳುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ, ಸಾಮರ್ಥ್ಯವಿರುವ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿ ಚಾಲೂ ಆಗುತ್ತದೆ. ಹೊಸ ಸಿ ಡ್ರೈವ್‌ಗೆ ಹಳೆಯ ಬಿಟ್‌ಲಾಕರ್ ಕೀಲಿ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಹೊಸ ಕೀಲಿಯನ್ನು ಖಾತೆಯಿಂದ ನೋಡಿ ಬರೆದಿಟ್ಟುಕೊಳ್ಳಿ. ಬ್ಯಾಕಪ್ ಇರುವ ಹೊರಗಿನ ಡ್ರೈವನ್ನು ಕನಿಷ್ಠ ಒಂದು ತಿಂಗಳಾದರೂ ಬೇರೆ ಕೆಲಸಕ್ಕೆ ಬಳಸಬೇಡಿ. ಮರೆತುಹೋದ ಒಂದು ಕಡತ ಬೇಕಾಗುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ.